ಚಂಬಲ್ ಕೊರಕಲಿನಲ್ಲಿ ಬಳ್ಳಾರಿ ಜಾಲಿ

1984ರಲ್ಲಿ ಮೊದಲ ಸಲ ದೆಹಲಿಗೆ ಹೋದಾಗ, ರೈಲು ಗ್ವಾಲಿಯರ್ ದಾಟುತ್ತಿದ್ದಂತೆ ಬೋಗಿಯಲ್ಲಿದ್ದವರೆಲ್ಲ ಕಿಟಕಿಗೆ ಮುಗಿಬಿದ್ದರು. ಫೂಲನ್ ದೇವಿ ಭಿಂಡ್‌ನಲ್ಲಿ ಶರಣಾಗಿ ಆಗಿನ್ನೂ ವರ್ಷವೊಂದಷ್ಟೇ ಆಗಿತ್ತು. ಹಾವೇರಿ ಕಡೆಯ ಯಜಮಾನರೊಬ್ಬರು, ಮಿಲಿಟರಿಯಲ್ಲಿದ್ದು ಬಂದವರು, ಶೇಂಗಾ ಸುಲಿಯುತ್ತ ವಿವರಣೆ ಕೊಡುತ್ತಿದ್ದರು: "ಆ ಸಂದ್ಯಾಗ ಸಾವಿರ ಮಂದಿ ಅಡಗಿ ಕುಂತ್ರೂ ಪೊಲೀಸ್ರಿಗೆ ಗೊತ್ತಾಗಂಗಿಲ್ಲ ತಮ್ಮಾ." ನನಗೆ ಡಕಾಯಿತರಿಗಿಂತ ನೆಲವೇ ಭಯ ಹುಟ್ಟಿಸಿತ್ತು. ದಿಗಂತದವರೆಗೂ ಮಣ್ಣಿನ ಗೋಪುರ, ಮಣ್ಣಿನ ಕಮರಿ. ಯಾರೋ ಭೂಮಿಯ ಸಿಪ್ಪೆ ಸುಲಿದು ಕೈಬಿಟ್ಟು ಹೋದ ಹಾಗೆ ಇತ್ತು. ಚಳ್ಳಕೆರೆ ಸೀಮೆಯಲ್ಲಿ ಹುಟ್ಟಿದವನಿಗೆ ಬರಡು ನೆಲ ಹೊಸದಲ್ಲ. ಆದರೆ ನಮ್ಮದು ಮಲಗಿದ ಬರಡು, ಇದು ಎದ್ದು ನಿಂತ ಬರಡು ಅನ್ನಿಸಿತ್ತು.

ಅದಾದ ಮೇಲೆ ಆ ದಾರಿಯಲ್ಲಿ ಹೋದಾಗಲೆಲ್ಲ ರಾತ್ರಿಯೋ ನಿದ್ದೆಯೋ ಅಡ್ಡ ಬರುತ್ತಿತ್ತು. ಈ ವರ್ಷ ಫೆಬ್ರುವರಿಯಲ್ಲಿ ಕರ್ನಾಟಕ ಎಕ್ಸ್‌ಪ್ರೆಸ್ಸಿನಲ್ಲಿ ಬಂದು ಗ್ವಾಲಿಯರಿನಲ್ಲಿ ಇಳಿದು, ಬಸ್ಸು ಹಿಡಿದು ಮೊರೇನಾಕ್ಕೆ ಹೋದೆ. ಮರುದಿನ ಬೆಳಿಗ್ಗೆ ರಾಜಘಾಟ್ ಸೇತುವೆಯ ಮೇಲೆ ನಿಂತು ನೋಡಿದರೆ ಚಂಬಲ್ ಕಣಿವೆ ಹಸಿರಾಗಿತ್ತು. ನಲವತ್ತು ವರ್ಷದ ಹಿಂದೆ ಹಳದಿ ಮಣ್ಣು ಕಂಡಲ್ಲೆಲ್ಲ ಈಗ ತಿಳಿಹಸಿರು ಪೊದೆ. 'ಪರವಾಗಿಲ್ಲವಲ್ಲ, ಯಾರೋ ಕೆಲಸ ಮಾಡಿದ್ದಾರೆ' ಎಂದು ಮನಸ್ಸಿಗೆ ಹಿತವಾಯಿತು. ಸೇತುವೆಯ ಬದಿಯಿಂದ ಇಳಿದು ಪೊದೆಯ ಹತ್ತಿರ ಹೋಗುವವರೆಗೆ ಆ ಹಿತ ಉಳಿದಿತ್ತು. ಗರಿಯಂಥ ಎಲೆ, ಗಂಟುಗಂಟಿಗೂ ಜೋಡಿ ಮುಳ್ಳು, ನೆಲದ ಮೇಲೆ ಒಣಗಿ ಉದುರಿದ ಹಳದಿ ಕಾಯಿ. ನಮ್ಮೂರ ಕೆರೆ ಅಂಗಳವನ್ನು ನುಂಗಿದ ಅದೇ ಬಳ್ಳಾರಿ ಜಾಲಿ! ಸಾವಿರ ಮೈಲಿ ಬಂದು ಹಿತ್ತಿಲ ಗಿಡದ ಮುಂದೆ ನಿಂತಿದ್ದೆ.

ಮೊರೇನಾದಲ್ಲಿ ನನಗೆ ಜೊತೆಯಾದವರು ಒಬ್ಬ ನಿವೃತ್ತ ಶಾಲಾ ಮಾಸ್ತರು. ಅವರ ಸ್ಕೂಟರಿನ ಹಿಂದೆ ಕುಳಿತು ಮೂರು ದಿನ ಸುತ್ತಿದೆ. ಈ ಕಡೆಯವರು ಕೊರಕಲು ಸೀಮೆಯನ್ನು ಒಟ್ಟಾರೆ 'ಬೀಹಡ' ಅನ್ನುತ್ತಾರೆ, ಒಂದೊಂದು ಕೊರಕಲಿಗೆ 'ಭರ್ಕಾ'. ಡಕಾಯಿತ ಎಂಬ ಮಾತು ಬಾಯಿಗೆ ಬರುವುದಿಲ್ಲ, 'ಬಾಗಿ' ಅನ್ನಬೇಕು, ಬಂಡೆದ್ದವನು ಎಂದು. ನಾನು ಮೊದಲ ದಿನ ತಪ್ಪಾಗಿ ಆಡಿದೆ. ಮಾಸ್ತರರು ಸ್ಕೂಟರು ನಿಲ್ಲಿಸಿ, ಕನ್ನಡಕ ಸರಿ ಮಾಡಿಕೊಂಡು, "ಸರ್, ಡಾಕು ಅಂದರೆ ಪಾರ್ಲಿಮೆಂಟಿನಲ್ಲಿರುವವರು, ಬೀಹಡದಲ್ಲಿದ್ದವರು ಬಾಗಿಗಳು" ಎಂದರು. ಇದು ಅಲ್ಲಿನ ಹಳೆಯ ಜೋಕು ಎಂದು ಆಮೇಲೆ ಗೊತ್ತಾಯಿತು, ಮೂರು ದಿನದಲ್ಲಿ ಅದನ್ನು ಇನ್ನೂ ನಾಲ್ವರು ಹೇಳಿದರು.

ಭರ್ಕಾದೊಳಗೆ ಇಳಿಯುವುದೆಂದರೆ ಮನೆಯ ಮಾಳಿಗೆಯಿಂದ ನೆಲಮಾಳಿಗೆಗೆ ಇಳಿದ ಹಾಗೆ. ಮೇಲೆ ಬೀಸುತ್ತಿದ್ದ ಗಾಳಿ ಹತ್ತು ಹೆಜ್ಜೆ ಇಳಿಯುವುದರೊಳಗೆ ನಿಂತುಹೋಗುತ್ತದೆ. ಎರಡೂ ಕಡೆ ಮಣ್ಣಿನ ಗೋಡೆ. ಬೆರಳಿನಿಂದ ಕೆರೆದರೆ ಗೋಧಿಹಿಟ್ಟಿನ ಹಾಗೆ ಉದುರುವ ನುಣುಪು ಮಣ್ಣು, ನಡುನಡುವೆ ಗೋಡಂಬಿ ಗಾತ್ರದ ಬಿಳಿ ಸುಣ್ಣಹರಳುಗಳು. ಅವರ ಬಾಯಲ್ಲಿ ಅದು ಕಂಕರ್. ನದಿ ತಾನೇ ಸಾವಿರಾರು ವರ್ಷ ತಂದು ಹಾಸಿದ ಮೆಕ್ಕಲು ಇದು. ಆಮೇಲೆ ನದಿಯೇ ಆಳಕ್ಕೆ ಕೊರೆದುಕೊಂಡು ಇಳಿದಾಗ, ಅದನ್ನು ಸೇರಬೇಕಾದ ಪ್ರತಿ ಮಳೆಹನಿಯೂ ಅಷ್ಟೇ ಆಳಕ್ಕೆ ಧುಮುಕಬೇಕಾಯಿತು. ಧುಮುಕುವ ನೀರಿಗೆ ಈ ಹಿಟ್ಟಿನಂಥ ಮಣ್ಣು ಏನೂ ಅಲ್ಲ. ಬೀಹಡವೆಲ್ಲ ಮನುಷ್ಯ ಕಾಡು ಕಡಿದದ್ದರ ಫಲ ಎಂದು ನಾನು ಶಾಲೆಯಲ್ಲಿ ಓದಿದ್ದೆ, ಮಕ್ಕಳಿಗೂ ಹೇಳಿದ್ದೆ. ಅರ್ಧ ಸತ್ಯ. ನದಿಯ ಕೊರೆತ ಕೊಡಲಿಗಿಂತ ಬಹಳ ಹಳೆಯದು. ಕೊಡಲಿ, ನೇಗಿಲು, ಮೇಕೆಗಳು ಅದಕ್ಕೆ ಹಾದಿ ಸಲೀಸು ಮಾಡಿಕೊಟ್ಟವು. ಇವತ್ತು ಚಂಬಲ್ ಬದಿಯಲ್ಲಿ ಇಂಥ ನೆಲ ಸುಮಾರು 5 ಲಕ್ಷ ಹೆಕ್ಟೇರಿನಷ್ಟಿದೆ.

ಭರ್ಕಾದಲ್ಲಿ ಗಿಡಗಳಿಗೂ ಅಂತಸ್ತುಗಳಿವೆ. ನನಗೆ ಇದನ್ನು ತೋರಿಸಿಕೊಟ್ಟವರು ಮಾಸ್ತರರ ದೂರದ ಸಂಬಂಧಿ, ಎಪ್ಪತ್ತು ದಾಟಿದ ಒಬ್ಬ ರೈತ. ಎಲ್ಲರೂ ಅವರನ್ನು 'ಕಕ್ಕಾ' ಅನ್ನುತ್ತಿದ್ದರು, ನಾನೂ ಹಾಗೆಯೇ ಕರೆದೆ. ನಮ್ಮ ಕಡೆಯ 'ಕಾಕಾ' ನೆನಪಾಗಿ ನಾಲಿಗೆಗೆ ಸಲೀಸಾಗಿತ್ತು. ಕಕ್ಕಾ ಕೈಯಲ್ಲಿ ಕೋಲು ಹಿಡಿದು, ಹೆಗಲ ಮೇಲೆ ಟವೆಲ್ ಹಾಕಿಕೊಂಡು, ನನಗಿಂತ ಚುರುಕಾಗಿ ಇಳಿಯುತ್ತಿದ್ದರು.

ಮೇಲಿನ ದಿಬ್ಬ ನೀರು ನಿಲ್ಲದ ಜಾಗ. ಬಿದ್ದ ಮಳೆ ಬಿದ್ದಷ್ಟೇ ಬೇಗ ಜಾರಿಹೋಗುತ್ತದೆ. ಅಲ್ಲಿ ಇರುವವು ಎಲೆಯ ಆಸೆ ಬಿಟ್ಟ ಗಿಡಗಳು. ಕರೀಲ್ ಎಂಬ ಪೊದೆಗೆ ಎಲೆಯೇ ಇಲ್ಲ ಎನ್ನಬಹುದು, ಹಸಿರು ಕಡ್ಡಿಗಳ ಸಿಕ್ಕು, ಅಷ್ಟೇ. ಆ ಸಿಕ್ಕಿನ ನಡುವೆ ಆಗಲೇ ಒಂದೆರಡು ಇಟ್ಟಿಗೆಗೆಂಪು ಹೂವು ಬಿಟ್ಟಿದ್ದವು. ಅದರ ಕಾಯಿಗೆ 'ಟೇಂಟಿ' ಎಂದು ಹೆಸರು, ಬೇಸಿಗೆಯಲ್ಲಿ ಉಪ್ಪಿನಕಾಯಿ ಹಾಕುತ್ತಾರೆ. ಅದರ ಪಕ್ಕದಲ್ಲಿ ಹಿಂಗೋಟ್. ಸಂಸ್ಕೃತ ಕಾವ್ಯ ಓದಿದವರಿಗೆ ಇದೇ ಇಂಗುದಿ, ಋಷಿಗಳು ದೀಪಕ್ಕೂ ತಲೆಗೂ ಎಣ್ಣೆ ತೆಗೆಯುತ್ತಿದ್ದ ಮರ. ಇಂದೋರ್ ಹತ್ತಿರದ ಗೌತಮಪುರದಲ್ಲಿ ದೀಪಾವಳಿಯ ಮರುದಿನ ಇದರ ಕಾಯಿಯ ತಿರುಳು ತೆಗೆದು ಮದ್ದು ತುಂಬಿ ಒಬ್ಬರ ಮೇಲೊಬ್ಬರು ಎಸೆದು ಯುದ್ಧವನ್ನೇ ಆಡುತ್ತಾರೆ. ಋಷಿಗಳ ಮರಕ್ಕೆ ಬಂದ ಗತಿ ನೋಡಿ! ಕೆಳಗೆ ಅಲ್ಲಲ್ಲಿ ಮುಳ್ಳುಬೋರೆ, ಎಕ್ಕ. ಇನ್ನೊಂದು ಮೋಟು ಗಿಡವನ್ನು ಕಕ್ಕಾ ಕೋಲಿನಿಂದ ಮುಟ್ಟಿ ತೋರಿಸಿದರು. ಬೂದುಬಣ್ಣದ ಸಿಪ್ಪೆ ಕಾಗದದ ಹಾಗೆ ಏಳುತ್ತಿತ್ತು, ಒಂದೂ ಎಲೆಯಿಲ್ಲ. ಗುಗ್ಗುಳ. ನಮ್ಮ ಮನೆಗಳಲ್ಲಿ ಧೂಪ ಹಾಕುವ ಗುಗ್ಗುಳ ಇಂಥ ಗಿಡದ ಕಣ್ಣೀರು ಎಂದು ಗೊತ್ತಿದ್ದರೂ ಗಿಡವನ್ನು ಕಂಡದ್ದು ಅದೇ ಮೊದಲು. ಅಂಟಿನ ಆಸೆಗೆ ಕಾಂಡಕ್ಕೆ ಆಳವಾಗಿ ಕಚ್ಚು ಹಾಕಿ, ಮದ್ದು ಹಚ್ಚಿ, ಒಂದೇ ಸಲಕ್ಕೆ ಹಿಂಡಿ ಗಿಡವನ್ನೇ ಕೊಂದುಬಿಡುವುದು ಹೆಚ್ಚಾಗಿ, ಇದು ಈಗ ಜಗತ್ತಿನಲ್ಲೇ ತೀವ್ರ ಅಳಿವಿನಂಚಿನ ಸಸ್ಯಗಳ ಪಟ್ಟಿಯಲ್ಲಿದೆ.

ಇಳಿಜಾರಿನಲ್ಲಿ ಗಿಡ ಕಡಿಮೆ. ಅಲ್ಲಿ ಬೇರೂರಿದ್ದು ಮುಂದಿನ ಮಳೆಗೆ ಮಣ್ಣಿನ ಜೊತೆ ಹೊರಟುಬಿಡುತ್ತದೆ. ಆದರೂ ಕಚ್ಚಿಕೊಂಡಿರುವ ಹುಲ್ಲುಗಳಿವೆ. ಮಣ್ಣು ಕೊಚ್ಚಿಹೋಗಿ ಹೊರಬಿದ್ದ ಬೇರಿನ ಮೇಲೆ ಮೊಣಕೈ ಊರಿ ನಿಂತ ಹಾಗೆ ಒಂದು ಬಿಳಿಜಾಲಿ ಕಂಡಿತು. ತಳಕ್ಕೆ ಬಂದರೆ ಬೇರೆಯೇ ಲೋಕ. ಮೇಲಿನಿಂದ ಬಂದ ನೀರು, ಗೊಬ್ಬರ, ಬೀಜ ಎಲ್ಲವೂ ಕೊನೆಗೆ ಸೇರುವುದು ಇಲ್ಲಿಗೆ. ಕರಿಜಾಲಿ, ಪೀಲು, ಒಂದೆರಡು ಕಡೆ ಬನ್ನಿ. ಬನ್ನಿಯನ್ನು ಅವರು 'ಛೋಂಕರ್' ಅನ್ನುತ್ತಾರೆ. ನಾನು ಅಭ್ಯಾಸಬಲದಿಂದ ಕೈ ಮುಗಿದೆ. ಕಕ್ಕಾ ನಕ್ಕು ತಾವೂ ಮುಗಿದರು. ಇವೆಲ್ಲದರ ನಡುವೆ ಆಳೆತ್ತರದ ಹುಲ್ಲಿನ ಮೆಳೆ, ಮೂಂಜ್. ಅದರ ಹೊದಿಕೆ ಗರಿಯನ್ನು ಸುಲಿದು, ನೆನೆಸಿ, ಬಡಿದು ಹಗ್ಗ ಹೊಸೆಯುತ್ತಾರೆ. ಮಂಚ ಹೆಣೆಯುವುದು ಅದರಿಂದಲೇ. ಒಂದು ಎಳೆಯನ್ನು ಬೆರಳಿಗೆ ಸುತ್ತಿಕೊಂಡಾಗ ಥಟ್ಟನೆ ಹೊಳೆಯಿತು: ನಮ್ಮಲ್ಲಿ ಉಪನಯನಕ್ಕೆ 'ಮುಂಜಿ' ಎನ್ನುವುದು ಈ ಹುಲ್ಲಿನ ಉಡಿದಾರದಿಂದ ಬಂದ ಹೆಸರು. ನನ್ನ ಸೊಂಟಕ್ಕೆ ಅಂದು ಕಟ್ಟಿದ್ದು ದರ್ಭೆ. ಹೆಸರು ಮಾತ್ರ ಇಲ್ಲಿಂದ ನಡೆದು ಬಂದಿತ್ತು.

"ಗಿಡ ನೋಡಿದರೆ ಭರ್ಕಾದ ವಯಸ್ಸು ಗೊತ್ತಾಗುತ್ತೆ ಬಾಬೂಜಿ" ಎಂದರು ಕಕ್ಕಾ. "ತಲೆಯ ಕಡೆ ಏನೂ ಇಲ್ಲದಿದ್ದರೆ ಅದು ಇನ್ನೂ ತಿನ್ನುತ್ತಾ ಇದೆ. ಎಕ್ಕ ಬಂದರೆ ಸುಸ್ತಾಗಿದೆ. ತಳದಲ್ಲಿ ಮೂಂಜ್ ಬಂತೋ, ಮಲಗಿತು."

ಈ ಮಾತನ್ನು ಆ ರಾತ್ರಿ ಡೈರಿಯಲ್ಲಿ ಬರೆದುಕೊಂಡೆ. ಮಣ್ಣು ಓಡುವುದು, ನಿಲ್ಲುವುದು, ಮತ್ತೆ ಓಡುವುದು, ಈ ಚಲನೆಯನ್ನೇ ನಂಬಿಕೊಂಡು ಬದುಕುವ ಗಿಡಗಳು ಇವು. ನಾವು ಹೊರಗಿನವರು ಇಡೀ ಬೀಹಡವನ್ನು ಒಂದು ಗಾಯ ಎಂದು ನೋಡುತ್ತೇವೆ. ಗಾಯ ಎಂದ ಮೇಲೆ ಎರಡೇ ಚಿಕಿತ್ಸೆ: ಒಂದೋ ಬಟ್ಟೆ ಹೊದಿಸಿ ಮುಚ್ಚುವುದು, ಇಲ್ಲವೇ ಕೆರೆದು ಸಪಾಟು ಮಾಡುವುದು. ಚಂಬಲ್ ಎರಡನ್ನೂ ಕಂಡಿದೆ.

ಹೊದಿಕೆಯೆಂದರೆ ಬಳ್ಳಾರಿ ಜಾಲಿ. ಅಮೆರಿಕ ಖಂಡದ ಈ ಮರ 1870ರ ದಶಕದ ಕೊನೆಗೆ ಮದ್ರಾಸ್ ಪ್ರಾಂತ್ಯದ ಕಡಪ ಕಡೆಗೆ ಬಂದು ಇಳಿಯಿತು, ಉರುವಲಿಗೆ ಎಂದು. ಎಲ್ಲಿಂದ ಬಂತೋ ಅಲ್ಲಿನ ಹೆಸರು ಹಚ್ಚುವುದು ನಮ್ಮ ಜನರ ರೀತಿ, ಹಾಗಾಗಿ ನಮಗದು ಬಳ್ಳಾರಿಯದು, ತಮಿಳರಿಗೆ ಸೀಮೆಯದು, ಇಲ್ಲಿನವರಿಗೆ 'ವಿಲಾಯತಿ ಬಬೂಲ್'. ಬಳ್ಳಾರಿಯವರು ಸುಮ್ಮನೆ ಕೆಟ್ಟ ಹೆಸರು ಹೊತ್ತರು. ಜೋಧಪುರದ ಅರಸರು 1940ರಲ್ಲಿ ಇದನ್ನು ರಾಜವೃಕ್ಷ ಎಂದು ಸಾರಿ ಕಾಪಾಡುವಂತೆ ಪ್ರಜೆಗಳಿಗೆ ಹೇಳಿದ್ದುಂಟು. 1980ರ ದಶಕದಲ್ಲಿ ಚಂಬಲ್ ಕೊರಕಲಿನ ಮೇಲೆ ವಿಮಾನದಿಂದ ಇದರ ಬೀಜ ಬಿತ್ತಲಾಯಿತು. ನಡೆದು ಹೋಗಲಾಗದ ಜಾಗ, ಬಂದೂಕಿನ ಭಯ, ಮೇಲಿನಿಂದ ಚೆಲ್ಲುವುದೇ ಸುಲಭವಾಗಿತ್ತು. ಮಾಸ್ತರರು ಆಗ ಕಾಲೇಜು ಹುಡುಗ. "ಊರವರೆಲ್ಲ ಛಾವಣಿ ಹತ್ತಿ ನೋಡಿದ್ದೆವು, ಆಕಾಶದಿಂದ ಸರ್ಕಾರ ಏನನ್ನಾದರೂ ಎಸೆದದ್ದು ಅದೇ ಮೊದಲು" ಎಂದು ನಕ್ಕರು.

ಬಿದ್ದ ಬೀಜ ಬಿದ್ದಲ್ಲೇ ಉಳಿಯಲಿಲ್ಲ. ಕಕ್ಕಾ ಒಂದು ಕಡೆ ಕುಕ್ಕರಗಾಲಲ್ಲಿ ಕುಳಿತು, ಒಣಗಿದ ಮೇಕೆ ಹಿಕ್ಕೆಯೊಂದನ್ನು ಅಂಗೈಯಲ್ಲಿ ತಿಕ್ಕಿ ತೋರಿಸಿದರು. ಒಳಗೆ ಕಂದು ಬಣ್ಣದ, ಹೊಳೆಯುವ ಒಂದು ಬೀಜ. ಸಿಹಿ ಕಾಯಿಗೆ ಮೇಕೆ, ಹಸು, ನೀಲಗಾಯ್ ಎಲ್ಲವೂ ಮುಗಿಬೀಳುತ್ತವೆ. ಹೊಟ್ಟೆಯ ರಸದಲ್ಲಿ ಬೀಜದ ಗಟ್ಟಿ ಸಿಪ್ಪೆ ಸಡಿಲವಾಗಿ, ಹಿಡಿ ಗೊಬ್ಬರದ ಸಮೇತ ಹೊಸ ಜಾಗಕ್ಕೆ ಬೀಳುತ್ತದೆ. ಎಲೆಯನ್ನು ಮಾತ್ರ ಯಾವುದೂ ಮುಟ್ಟುವುದಿಲ್ಲ. ಅಂದರೆ ಮೇಕೆ ಕರೀಲಿನ ಚಿಗುರು, ಬೋರೆಯ ಎಲೆ, ಒಳ್ಳೆಯ ಹುಲ್ಲು ಎಲ್ಲವನ್ನೂ ಮೇಯ್ದು ಜಾಗ ಖಾಲಿ ಮಾಡಿ, ಅದೇ ಜಾಗದಲ್ಲಿ ಜಾಲಿಯನ್ನು ಬಿತ್ತಿ ಮುಂದೆ ಹೋಗುತ್ತದೆ. ಇಂಥ ಕೂಲಿಯಾಳು ಯಾವ ಗಿಡಕ್ಕೆ ಸಿಕ್ಕೀತು?

ನಾವು ಜಾಲಿ ದಟ್ಟವಾಗಿ ಕವಿದ ಒಂದು ಭರ್ಕಾದೊಳಗೆ ತಲೆ ತಗ್ಗಿಸಿಕೊಂಡು ನಡೆದೆವು. ಮೇಲಿನ ದಿಬ್ಬದಿಂದ ತಳದವರೆಗೆ ಒಂದೇ ಗಿಡ. ಅಂತಸ್ತುಗಳೆಲ್ಲ ಕರಗಿಹೋಗಿದ್ದವು. ಕೆಳಗೆ ಉದುರಿದ ಸಣ್ಣೆಲೆಯ ಹಾಸು, ಅದನ್ನು ಕಾಲಿನಿಂದ ಸರಿಸಿದರೆ ಬೆತ್ತಲೆ ಮಣ್ಣು, ಹುಲ್ಲಿನ ಒಂದು ಗರಿಯೂ ಇಲ್ಲ. ಆ ಎಲೆ ಕೊಳೆತು ಬಿಡುವ ರಸಕ್ಕೆ ಬೇರೆ ಬೀಜ ಮೊಳೆಯುವುದು ಕಷ್ಟ. ಮೇಲಿನಿಂದ ನೋಡಿದರೆ ಕಾಡು, ಆದರೆ ಮಣ್ಣನ್ನು ನಿಜವಾಗಿ ಹಿಡಿಯುವುದು ನೆಲಕ್ಕೆ ತಬ್ಬಿದ ಹುಲ್ಲು. ಅದಿಲ್ಲದೆ ಜಾಲಿಯ ನೆರಳಿನಲ್ಲೂ ಸಣ್ಣ ಸಣ್ಣ ಕಾಲುವೆಗಳು ಹೊಸದಾಗಿ ಕೊರೆದುಕೊಂಡಿದ್ದನ್ನು ಕಂಡೆ. ಆದರೂ ಈ ಗಿಡವನ್ನು ಪೂರ್ತಿ ಬೈಯಲು ನನಗೆ ನಾಲಿಗೆ ಬರುವುದಿಲ್ಲ. ನಮ್ಮಮ್ಮ ಮೂವತ್ತು ವರ್ಷ ಒಲೆ ಉರಿಸಿದ್ದು ಇದರ ಸೌದೆಯಿಂದ. ಆ ದಿನವೂ ಎದುರಿಗೆ ಐದಾರು ಹೆಂಗಸರು ತಲೆಯ ಮೇಲೆ ಜಾಲಿ ಹೊರೆ ಹೊತ್ತು, ಸೆರಗು ಹಲ್ಲಲ್ಲಿ ಕಚ್ಚಿಕೊಂಡು, ಸಾಲಾಗಿ ಹತ್ತುತ್ತಿದ್ದರು. ಬೇರೆ ಮರ ಉಳಿಯದ ಕಡೆ ಇದೂ ಇಲ್ಲದಿದ್ದರೆ ಅವರು ಇನ್ನೆಷ್ಟು ದೂರ ನಡೆಯಬೇಕಿತ್ತು?

ಎರಡನೆಯ ಚಿಕಿತ್ಸೆಯ ಬಣ್ಣ ಹಳದಿ. ಮೊರೇನಾ ಎಂದರೆ ಸಾಸಿವೆ. ಊರಿನ ಗಾಳಿಯಲ್ಲೇ ಗಾಣದ ಘಾಟು. 1960ರಲ್ಲಿ ಕೋಟಾದಲ್ಲಿ ಅಣೆಕಟ್ಟು ಕಟ್ಟಿ ಚಂಬಲ್ ನೀರನ್ನು ಕಾಲುವೆಗೆ ತಿರುಗಿಸಿದ ಮೇಲೆ ಬಯಲು ಹೊಲಗಳಿಗೆ ಬೆಲೆ ಬಂತು. ಬಯಲು ಸಾಲದಾದಾಗ ಕಣ್ಣು ಬೀಹಡದ ಅಂಚಿಗೆ ಹೋಯಿತು. ಟ್ರ್ಯಾಕ್ಟರು, ಆಮೇಲೆ ಜೆಸಿಬಿ. ದಿಬ್ಬದ ತಲೆ ಹೊಡೆದು ಕೊರಕಲಿಗೆ ತಳ್ಳಿದರೆ ಹೊಲ ತಯಾರು. ಮೊದಲ ಪೈರಿಗೆ ಸಾಸಿವೆಯೋ ಸಜ್ಜೆಯೋ. ಭರ್ಕಾದ ಅಂಚಿನಲ್ಲಿ ನಿಂತರೆ ಎಡಗಡೆ ಹಸಿರು ಸಿಕ್ಕು, ಬಲಗಡೆ ಚಾಪೆ ಹಾಸಿದಂಥ ಹಳದಿ. ಕಣ್ಣಿಗೆ ಇದೇ ಚೆಂದ, ಸುಳ್ಳು ಹೇಳಬಾರದು.

ಸಾಸಿವೆಯ ಸಾಲಿನಲ್ಲಿ ಬಗ್ಗಿ ನೋಡಿದೆ. ದಿಬ್ಬದ ಗಿಡ, ಇಳಿಜಾರಿನ ಗಿಡ, ತಳದ ಗಿಡ ಯಾವುದೂ ಇರಲಿಲ್ಲ. ಅವುಗಳ ಬೀಜವಿದ್ದ ಮೇಲ್ಮಣ್ಣು ಈಗ ಎರಡಾಳು ಕೆಳಗೆ ಹೂತುಹೋಗಿತ್ತು, ಮೇಲೆ ಬಂದಿದ್ದು ಬೆಳಕನ್ನೇ ಕಾಣದ ಕಂಕರ್ ಮಣ್ಣು. ಅಲ್ಲಿ ಹೊಸ ಸಂಸಾರ ಹೂಡಿದ್ದವು ನೇಗಿಲಿನ ಬೆನ್ನು ಹತ್ತಿ ಬರುವ ಕಳೆಗಳು: ನಾವು ಚಕ್ಕೋತ ಸೊಪ್ಪು ಎನ್ನುವ ಬಥುವಾ, ಬದುವಿನ ಮೇಲೆ ಪಾರ್ಥೇನಿಯಂ, ಮತ್ತೆ ಹಳದಿ ಹೂವಿನ ದತ್ತೂರಿ. ಮುಳ್ಳೆಲೆಯ ಈ ದತ್ತೂರಿಯೂ ಜಾಲಿಯ ಹಾಗೆ ಅಮೆರಿಕದ ಕಡೆಯದು. ಇದರ ಬೀಜ ಸಾಸಿವೆಯ ಕಾಳಿನ ಹಾಗೆಯೇ ಕರಿಯದು, ಕಣ್ಣಿಗೆ ವ್ಯತ್ಯಾಸ ಸಿಗುವುದಿಲ್ಲ. 1998ರಲ್ಲಿ ದೆಹಲಿಯಲ್ಲಿ ಸಾಸಿವೆ ಎಣ್ಣೆಗೆ ಇದರ ಎಣ್ಣೆ ಬೆರೆತು, ಮೈ ಬಾತುಕೊಂಡು ಅರವತ್ತಕ್ಕೂ ಹೆಚ್ಚು ಜನ ಸತ್ತರು. ಕರೀಲ್ ಹೋಗಿ ದತ್ತೂರಿ ಬಂದರೆ ಗಿಡದ ಲೆಕ್ಕಕ್ಕೆ ಗಿಡ ಸಮ ಆಯಿತು ಎನ್ನಲು ಬರುವುದಿಲ್ಲ.

ಜೆಸಿಬಿ ಇಷ್ಟು ತಡವಾಗಿ ಬಂದದ್ದು ಏಕೆ ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಜೌರಾದಲ್ಲಿ. ಮೊರೇನಾದಿಂದ ಅಲ್ಲಿಗೆ ಹೋಗುವುದು ಕನ್ನಡಿಗನಾದ ನನಗೆ ಒಂದು ರೀತಿ ಹರಕೆ. ಬೆಂಗಳೂರಿನಲ್ಲಿ 1929ರಲ್ಲಿ ಹುಟ್ಟಿದ, ಖಾಕಿ ಚಡ್ಡಿಯನ್ನು ಜೀವನಪೂರ್ತಿ ಬಿಡದ ಎಸ್.ಎನ್. ಸುಬ್ಬರಾವ್ 1970ರಲ್ಲಿ ಮಹಾತ್ಮ ಗಾಂಧಿ ಸೇವಾ ಆಶ್ರಮ ಕಟ್ಟಿದ್ದು ಇಲ್ಲಿ. 1960ರಲ್ಲಿ ವಿನೋಬಾ ಭಿಂಡ್ ಸುತ್ತ ನಡೆದು ಬಾಗಿಗಳ ಮನ ಒಲಿಸಲು ಆರಂಭಿಸಿದ್ದರು. 1972ರ ಏಪ್ರಿಲಿನಲ್ಲಿ ಜಯಪ್ರಕಾಶ ನಾರಾಯಣರ ಎದುರು ಮೋಹರ್ ಸಿಂಗ್, ಮಾಧೋ ಸಿಂಗ್ ಮೊದಲಾದವರು ಗಾಂಧಿ ಚಿತ್ರದ ಮುಂದೆ ಬಂದೂಕು ಇಟ್ಟದ್ದು ಇದೇ ಜೌರಾದಲ್ಲಿ. ಸುಬ್ಬರಾವ್ 2021ರಲ್ಲಿ ತೀರಿಕೊಂಡರು. ಇಲ್ಲಿ ಎಲ್ಲರಿಗೂ ಅವರು 'ಭಾಯೀಜಿ'. ನಾನು ಅವರ ಊರಿನ ಕಡೆಯವನು ಎಂದದ್ದಕ್ಕೆ ಚಹಾದ ಅಂಗಡಿಯವನು ದುಡ್ಡು ತೆಗೆದುಕೊಳ್ಳಲಿಲ್ಲ. ಬೆಂಗಳೂರಿಗೂ ಚಳ್ಳಕೆರೆಗೂ ಇನ್ನೂರು ಕಿಲೋಮೀಟರು ಎಂದು ತಿದ್ದುವ ಗೋಜಿಗೆ ನಾನೂ ಹೋಗಲಿಲ್ಲ.

ಆ ಚಹಾ ಅಂಗಡಿಯಲ್ಲೇ ಒಬ್ಬರು ಹೇಳಿದರು: "ಬಾಗಿಗಳು ಇರುವವರೆಗೆ ಬೀಹಡಕ್ಕೆ ಕಾವಲು ಇತ್ತು. ಅವರು ಹೋದರು, ಪಟವಾರಿ ಬಂದ." ಪಟವಾರಿ ಎಂದರೆ ನಮ್ಮ ಕಡೆಯ ಶಾನುಭೋಗ. ಸಂಜೆಯ ಮೇಲೆ ಯಾರೂ ಇಳಿಯದ ಜಾಗಕ್ಕೆ ಯಾರು ಉಳುಮೆಗೆ ಹೋದಾರು? ಈ ಶತಮಾನದ ಮೊದಲ ದಶಕದಲ್ಲಿ ಕೊನೆಯ ತಂಡಗಳೂ ಮುಗಿದವು. ಭಯ ಹೋದದ್ದು ಒಳ್ಳೆಯದೇ, ಅದರಲ್ಲಿ ಎರಡು ಮಾತಿಲ್ಲ. ಮಗನನ್ನು ಕಳೆದುಕೊಂಡ ತಾಯಂದಿರ ಊರುಗಳಿವು. ಆದರೆ ಭೂಬಳಕೆ ಬದಲಾಯಿತು ಎಂದು ವರದಿಗಳಲ್ಲಿ ಬರೆಯುವಾಗ ನೀರಾವರಿ, ಜನಸಂಖ್ಯೆ, ಮಾರುಕಟ್ಟೆ ಎಲ್ಲವೂ ಬರುತ್ತವೆ, ಬಂದೂಕು ಬರುವುದಿಲ್ಲ. ಗುಗ್ಗುಳದ ಗಿಡ ಕೆಲವು ದಶಕ ಹೆಚ್ಚು ಬದುಕಿದ್ದು ಬಂದೂಕಿನ ನೆರಳಲ್ಲಿ ಎಂಬುದು ನನಗೆ ಹೊಸ ವಿಚಾರ, ಅಷ್ಟೇನೂ ಹಿತವಲ್ಲದ ವಿಚಾರ.

ನದಿಯ ವಿಷಯಕ್ಕೂ ಇಂಥದೇ ಕಥೆ ಇದೆ. ಚಂಬಲ್ ಹಳೆಯ ಹೆಸರಲ್ಲಿ ಚರ್ಮಣ್ವತಿ. ರಂತಿದೇವನ ಯಜ್ಞಕ್ಕೆ ಕಡಿದ ಹಸುಗಳ ಚರ್ಮದಿಂದ ಸೋರಿದ ರಕ್ತ ಹರಿದು ಆದ ನದಿ ಎಂದು ಪುರಾಣ, ಕಾಳಿದಾಸನ ಮೋಡವೂ ಅದನ್ನು ದಾಟಿಯೇ ಹೋಗುತ್ತದೆ. ಶಾಪಗ್ರಸ್ತ ಎಂದು ದೂರವಿಟ್ಟದ್ದಕ್ಕೇ ಇದರ ದಡದಲ್ಲಿ ದೊಡ್ಡ ತೀರ್ಥಗಳು ಬೆಳೆಯಲಿಲ್ಲ, ನೀರು ತಿಳಿಯಾಗಿ ಉಳಿಯಿತು ಎನ್ನುತ್ತಾರೆ. 1979ರಿಂದ ಇದು ಘರಿಯಾಲ್ ಮೊಸಳೆಗಳ ಅಭಯಾರಣ್ಯ. ಮರಳಿನ ಮೇಲೆ ಉದ್ದ ಮೂತಿ ಚಾಚಿ ಬಿಸಿಲು ಕಾಯುತ್ತಿದ್ದ ಎರಡನ್ನು ರಾಜಘಾಟಿನ ದೋಣಿಯಿಂದ ನೋಡಿದೆ. ಆ ಮಾತು ಬೇರೆ ಲೇಖನಕ್ಕೆ.

ಮೊರೇನಾದಲ್ಲಿ ಯಾರನ್ನು ಕೇಳಿದರೂ ಬೀಹಡದ ಬಗ್ಗೆ ಒಂದು ಯೋಜನೆ ಇರುತ್ತದೆ. 2020ರ ಜುಲೈಯಲ್ಲಿ ಕೇಂದ್ರ ಕೃಷಿ ಸಚಿವರು ವಿಶ್ವಬ್ಯಾಂಕಿನ ನೆರವಿನಿಂದ ಗ್ವಾಲಿಯರ್-ಚಂಬಲ್ ಭಾಗದ ಲಕ್ಷಾಂತರ ಹೆಕ್ಟೇರು ಬೀಹಡವನ್ನು ಸಾಗುವಳಿ ಯೋಗ್ಯ ಮಾಡುವ ಮಾತಾಡಿದ್ದು ಇಲ್ಲಿ ಇನ್ನೂ ನೆನಪಿನಲ್ಲಿದೆ. ಹಳೆಯ ಪ್ರಯೋಗಗಳೂ ಇವೆ. ಕೆಳಗೆ ಇಟಾವಾದಲ್ಲಿ 1880ರ ದಶಕದಲ್ಲಿ ಫಿಶರ್ ಎಂಬ ಕಲೆಕ್ಟರು ಜಮೀನ್ದಾರರನ್ನು ಒಪ್ಪಿಸಿ ಕೊರಕಲಿನಲ್ಲಿ ಮರ ನೆಡಿಸಿದ. ಆ ಫಿಶರ್ ಫಾರೆಸ್ಟಿನಲ್ಲಿ ಈಗ ಸಿಂಹಗಳ ಸಫಾರಿ ಇದೆ. ಕೋಟಾದಲ್ಲಿ 1954ರಿಂದ ಇರುವ ಮಣ್ಣು-ನೀರು ಸಂರಕ್ಷಣಾ ಕೇಂದ್ರದ ವಿಜ್ಞಾನಿಗಳು ಹೇಳುತ್ತ ಬಂದದ್ದು ಹೆಚ್ಚೇನೂ ಜಟಿಲವಲ್ಲ: ಆಳವಿಲ್ಲದ ಕೊರಕಲನ್ನು ಮೆಟ್ಟಿಲು ಮಾಡಿ ಬೆಳೆಯಿರಿ, ನಡುತರದ್ದಕ್ಕೆ ಹಣ್ಣಿನ ಗಿಡ ಹಾಕಿ, ಆಳವಾದದ್ದನ್ನು ಮೇವು, ಬಿದಿರು, ಸ್ಥಳದ ಮರಗಳಿಗೆ ಬಿಟ್ಟು ಜಾನುವಾರು ಕಟ್ಟಿಹಾಕಿ. ಮೇಯುವುದು ನಿಂತರೆ ಒಳ್ಳೆಯ ಹುಲ್ಲು ತಾನಾಗಿ ಮರಳುತ್ತದೆ. ಆದರೆ ಕಟ್ಟಿಹಾಕಿದ ಮೇಕೆಗೆ ಆ ವರ್ಷ ಮೇವು ಯಾರು ಕೊಡಬೇಕು ಎಂದು ಕಕ್ಕಾ ಕೇಳಿದರು. ನನ್ನ ಬಳಿ ಉತ್ತರವಿರಲಿಲ್ಲ. ಜೆಸಿಬಿ ಬಾಡಿಗೆಗೆ ತಂದವನು ಹಳ್ಳದ ಆಳ ನೋಡಿ ವಾಪಸು ಕಳಿಸುವುದಿಲ್ಲ ಎಂಬುದು ಮಾತ್ರ ಗೊತ್ತಿತ್ತು.

ನಮ್ಮಲ್ಲಿ ಆದದ್ದೂ ಇದೇ ತಾನೇ. ಚಳ್ಳಕೆರೆಯ ಅಮೃತಮಹಲ್ ಕಾವಲಿನಲ್ಲಿ ನಾನು ಬಾಲ್ಯದಲ್ಲಿ ಕುರಿ ಕಾಯುವವರ ಜೊತೆ ಅಲೆದಿದ್ದೇನೆ. ಮೊಣಕಾಲೆತ್ತರದ ಹುಲ್ಲು, ಅದರಲ್ಲಿ ಕೃಷ್ಣಮೃಗ. ಕಡತದಲ್ಲಿ ಅದಕ್ಕೆ ಖಾಲಿ ಜಾಗ ಎಂಬ ಅರ್ಥ ಬಂದು, ಸಾವಿರಾರು ಎಕರೆ ದೊಡ್ಡ ದೊಡ್ಡ ಸಂಸ್ಥೆಗಳಿಗೆ ಹಂಚಿಕೆಯಾಯಿತು. ನಮ್ಮೂರ ಗೋಮಾಳದಲ್ಲಿ ಸಸಿ ನೆಡುವ ದಿನ ಶಾಲೆಯ ಹುಡುಗರ ಸಾಲಿನಲ್ಲಿ ನಾನೂ ಇದ್ದೆ. ನೆಟ್ಟದ್ದು ಯಾವುದೆಂದು ಈಗ ನೆನಪಿಸಿಕೊಂಡರೆ ಗರಿಯಂಥ ಎಲೆಯೇ ಕಣ್ಣಿಗೆ ಬರುತ್ತದೆ. ಮುಗಿದ ಮೇಲೆ ಎಲ್ಲರಿಗೂ ಮಂಡಕ್ಕಿ ಕೊಟ್ಟಿದ್ದರು.

ಕೊನೆಯ ದಿನ ಕಕ್ಕಾ ತಮ್ಮದೇ ಹೊಲಕ್ಕೆ ಕರೆದೊಯ್ದರು. ಮೂರು ವರ್ಷದ ಹಿಂದೆ ಮಕ್ಕಳು ಜೆಸಿಬಿ ತರಿಸಿ ಎರಡು ಭರ್ಕಾ ತುಂಬಿಸಿ ಮಾಡಿದ ಹೊಲ. ಸಾಸಿವೆ ಕೊಯ್ಲಿಗೆ ಬಂದಿತ್ತು, ಕಾಯಿ ಬಲಿತು ಸದ್ದು ಮಾಡುತ್ತಿತ್ತು. ಅಂಚಿನಲ್ಲಿ ಒಂದೇ ಒಂದು ಹಿಂಗೋಟ್ ಮರ ಉಳಿಸಿದ್ದರು. ಅದರ ನೆರಳಲ್ಲಿ ಕುಳಿತು ರೊಟ್ಟಿ, ಸಾಸಿವೆ ಸೊಪ್ಪಿನ ಪಲ್ಯ, ಟೇಂಟಿ ಉಪ್ಪಿನಕಾಯಿ ತಿಂದೆವು. ಟೇಂಟಿ ಮೊದಲು ಕಹಿ, ಆಮೇಲೆ ಹುಳಿ, ಕೊನೆಗೆ ಸಾಸಿವೆ ಎಣ್ಣೆಯ ಘಾಟು ಮೂಗಿಗೆ ಏರುತ್ತದೆ. ಈ ಹೊಲದ ಜಾಗದ್ದೇ ಕಾಯಿಯೇ ಎಂದು ಕೇಳಿದೆ. "ಇಲ್ಲ ಬಾಬೂಜಿ, ಇಲ್ಲಿನದೆಲ್ಲ ಹೂತುಹೋಯಿತು. ಇದು ಸೊಸೆಯ ತವರಿನಿಂದ ಬಂದದ್ದು, ನದಿಯಾಚೆ ಧೋಲ್‌ಪುರದ ಕಡೆ."

ಊಟವಾದ ಮೇಲೆ ಹೊಲದ ನಡುವೆ ಒಂದು ಜಾಗಕ್ಕೆ ಕರೆದುಕೊಂಡು ಹೋದರು. ಸಾಸಿವೆ ಗಿಡಗಳ ನಡುವೆ ಒಂದು ತೂತು, ಬಕೆಟ್ಟಿನ ಬಾಯಿಯಷ್ಟು. ಬದಿಯ ಮಣ್ಣು ನುಣುಪಾಗಿತ್ತು, ಯಾವುದೋ ಪ್ರಾಣಿ ಕೊರೆದ ಬಿಲದ ಹಾಗೆ. ಒಂದು ಹೆಂಟೆ ಹಾಕಿದೆ, ಸದ್ದು ಬರಲಿಲ್ಲ. ಕಕ್ಕಾ ನನ್ನನ್ನು ಹೊಲದ ಕೊನೆಗೆ ಕರೆದೊಯ್ದು ಕೆಳಗಿನ ಗೋಡೆಯಲ್ಲಿ ಅದರ ಇನ್ನೊಂದು ಬಾಯಿ ತೋರಿಸಿದರು. ಮೇಲೆ ಇಂಗಿದ ನೀರು ಒಳಗೊಳಗೇ ಮಣ್ಣನ್ನು ಕರಗಿಸಿಕೊಂಡು ಕೊಳವೆ ಮಾಡಿ ಹೊರಗೆ ಬಂದಿತ್ತು. ಈ ಮಣ್ಣಿನ ಗುಣವೇ ಅದು, ಸೋಡಿಯಂ ಹೆಚ್ಚಿದ್ದಲ್ಲಿ ನೀರು ಮುಟ್ಟಿದರೆ ಸಕ್ಕರೆಯ ಹಾಗೆ ಬಿಟ್ಟುಕೊಳ್ಳುತ್ತದೆ. ಒಂದೆರಡು ಮಳೆಗೆ ಕೊಳವೆಯ ಮಾಡು ಕುಸಿದರೆ ತುಂಬಿಸಿದ ಭರ್ಕಾ ಮತ್ತೆ ಬಾಯಿ ತೆರೆಯುತ್ತದೆ.

ತೂತಿನ ಬಾಯಿಗೆ ಅವರ ಮಗ ಆಗಲೇ ಜಾಲಿ ಕೊಂಬೆ ಕಡಿದು ತಂದು ಹಾಕಿದ್ದ. ಅದರ ಮೇಲೆ ಹಳೆಯ ಸಾಸಿವೆ ಕಡ್ಡಿ, ಹರಿದ ಗೊಬ್ಬರದ ಚೀಲ, ಅದರ ಮೇಲೆ ಮಣ್ಣು. ನಾನೂ ಸುಮ್ಮನಿರಲಾರದೆ ಒಂದು ಕೊಂಬೆ ಎಳೆದು ಒಳಗೆ ತುರುಕಲು ಹೋದೆ. ಹೆಬ್ಬೆರಳ ಬುಡಕ್ಕೆ ಮುಳ್ಳು ಮುರಿಯಿತು. ಜಾಲಿ ಮುಳ್ಳು ಚುಚ್ಚಿದರೆ ಎಷ್ಟು ದಿನ ಉರಿಯುತ್ತದೆ, ಹೇಗೆ ಕೀವು ಕಟ್ಟುತ್ತದೆ ಎಂದು ನನಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಕಕ್ಕಾ ನನ್ನ ಕೈ ಹಿಡಿದು ಬಿಸಿಲಿಗೆ ತಿರುಗಿಸಿ ನೋಡಿದರು. "ಪಿನ್ನು ಇದೆಯಾ?" ಎಂದು ಮಗನನ್ನು ಕೇಳಿದರು, ಇರಲಿಲ್ಲ. ಎದ್ದು ಅಂಚಿನ ಹಿಂಗೋಟ್ ಮರದ ಹತ್ತಿರ ಹೋಗಿ, ಹಸಿರು ಮುಳ್ಳೊಂದನ್ನು ಮುರಿದುಕೊಂಡು ಬಂದರು. ಬೆರಳುದ್ದ ಇತ್ತು. ತುದಿಯನ್ನು ಟವೆಲಿಗೆ ಒರೆಸಿ, "ಇದು ಗಟ್ಟಿ, ಒಳಗೆ ಮುರಿಯೋದಿಲ್ಲ, ಕೈ ಅಲುಗಾಡಿಸಬೇಡಿ" ಎಂದು ಹೇಳಿ ಚರ್ಮವನ್ನು ಮೆಲ್ಲಗೆ ಎತ್ತತೊಡಗಿದರು.